ಹಿಂದಿನ ತಾರೀಖಿನ ಬಡ್ತಿ

ಗುಡ್ಡ ಕುಸಿದು ಐದು ಜನ ಸತ್ತ ಮೂರನೆಯ ದಿನ ನನಗೆ ಬಡ್ತಿ ಸಿಕ್ಕಿತು. ಹನ್ನೊಂದು ವರ್ಷ ಕೇಳಿದ್ದೆ. ಕೇಳಿ ಕೇಳಿ ನಾಲಿಗೆ ಸವೆದಿತ್ತು. ಕೊನೆಗೆ ಅದು ಹೆಣಗಳ ಮೇಲೆ ಹತ್ತಿ ಬಂತು.

ನನ್ನ ಹೆಸರು ಗಿಗ್ಮೈ. ಪಪುವಾ ನ್ಯೂ ಗಿನಿಯ ಬೆಟ್ಟನಾಡು ಸಿಂಬುವಿನವನು. ಕರಾವಳಿಯ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ಇಂಜಿನಿಯರಿಂಗ್ ಪದವಿ ಪಡೆದವನು. ಅಪ್ಪ ಅದಕ್ಕಾಗಿ ಒಂಬತ್ತು ಹಂದಿ ಮಾರಿದ್ದ. ಹೆದ್ದಾರಿ ಅಗಲ ಮಾಡುವ ಕಂಪನಿಗೆ ಸೇರಿದ ದಿನ ಕಾಗದದಲ್ಲಿ 'ಟೆಕ್ನಿಷಿಯನ್' ಎಂದು ಬರೆದಿತ್ತು. ತಪ್ಪಾಗಿದೆ ಎಂದು ಹೇಳಿದೆ. ತಪ್ಪಿಲ್ಲ, ಇಲ್ಲಿನ ಪದವಿಗೆ ಇಲ್ಲಿನ ದರ್ಜೆ ಎಂದರು. ಹದಿನೈದು ದಿನಕ್ಕೆ ಒಂಬೈನೂರು ಕಿನಾ ಕೊಟ್ಟರು. ನನ್ನ ಮೇಲೆ ಇದ್ದವನು ಆಸ್ಟ್ರೇಲಿಯಾದ ಕ್ರೇಗ್ ಹ್ಯಾಲಿಡೇ. ಓದಿದ್ದು ಅದೇ ವಿಷಯ, ಅಷ್ಟೇ ವರ್ಷ. ಅವನಿಗೆ ಹದಿನೈದು ದಿನಕ್ಕೆ ಹದಿನಾಲ್ಕು ಸಾವಿರ. ಇಪ್ಪತ್ತೆಂಟು ದಿನ ಇಲ್ಲಿರುತ್ತಿದ್ದ, ಇಪ್ಪತ್ತೆಂಟು ದಿನ ತನ್ನೂರಿನಲ್ಲಿ ಮೀನು ಹಿಡಿಯುತ್ತಿದ್ದ. ಮೀನು ಹಿಡಿಯುವುದಕ್ಕೂ ಸಂಬಳವಿತ್ತು.

ಕ್ಯಾಂಟೀನಿನ ಗೋಡೆಗೆ ಕಂಪನಿ ಪ್ರತಿ ವರ್ಷ ಒಂದು ಹಾಳೆ ಅಂಟಿಸುತ್ತಿತ್ತು. 'ಪಪುವಾ ನ್ಯೂ ಗಿನಿಯಲ್ಲಿ ಇಂಜಿನಿಯರಿಂಗ್ ನೌಕರರ ಸರಾಸರಿ ವೇತನ.' ಹಾಳೆಯಲ್ಲಿ ಒಂದು ಹಸಿರು ಗೆರೆ ಮೇಲೆ ಏರುತ್ತಲೇ ಇರುತ್ತಿತ್ತು. ಸರಾಸರಿ ಎಂದರೆ ಅವನದ್ದೂ ನನ್ನದೂ ಕೂಡಿಸಿ ಭಾಗಿಸಿದ್ದು. ನಕ್ಷೆ ಬರೆಯುತ್ತಿದ್ದ ನಮ್ಮ ಆರು ಜನರನ್ನು ಒಂದೇ ದಿನ ಮನೆಗೆ ಕಳಿಸಿದ ವರ್ಷ ಆ ಗೆರೆ ಎಲ್ಲಕ್ಕಿಂತ ಎತ್ತರಕ್ಕೆ ಹೋಯಿತು. ಕಡಿಮೆ ಸಂಬಳದವರು ಹೊರಟುಹೋದರೆ ಸರಾಸರಿ ತಾನಾಗಿಯೇ ಏರುತ್ತದೆ. ನಾವು ಆ ಹಾಳೆಯ ಕೆಳಗೆ ಕೂತು ಗೆಣಸು ತಿನ್ನುತ್ತಿದ್ದೆವು.

ನನ್ನ ಕೆಲಸ ಗುಡ್ಡದ ಚಲನೆ ಅಳೆಯುವುದು. ರಸ್ತೆಗಾಗಿ ಕಡಿದ ಗುಡ್ಡಗಳ ನೆತ್ತಿಯಲ್ಲಿ ನಲವತ್ತು ಮೀಟರು ಆಳದ ಒಂಬತ್ತು ಕೊಳವೆ ಹೂತಿದ್ದರು. ಗುಡ್ಡ ಜಾರಿದರೆ ಒಳಗೆ ಕೊಳವೆ ಬಾಗುತ್ತದೆ. ಕೇಬಲ್ಲಿನ ತುದಿಗೆ ಕಟ್ಟಿದ ಕಬ್ಬಿಣದ ಉಪಕರಣವನ್ನು ಇಳಿಬಿಟ್ಟು ಎಷ್ಟು ಬಾಗಿದೆ ಎಂದು ನೋಡಬೇಕು. ಕೇಬಲ್ಲಿನ ಸುರುಳಿ ಇಪ್ಪತ್ತೆಂಟು ಕಿಲೋ. ಅದನ್ನು ಹೆಗಲ ಮೇಲೆ ಹೊತ್ತು ಕೆಸರಿನಲ್ಲಿ ನಾಲ್ಕು ಕಾಲಲ್ಲಿ ಹತ್ತುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ಹ್ಯಾಲಿಡೇ ಒಂದು ದಿನವೂ ಮೇಲೆ ಹತ್ತಿದವನಲ್ಲ.

ಅಳತೆಯ ಹಾಳೆಯ ಕೆಳಗೆ ಎರಡು ಸಹಿ ಬೇಕು. ಅಳತೆ ತೆಗೆದವನು ಒಂದು. ಇಂಜಿನಿಯರ್ ಒಂದು. ಎರಡನೆಯದು ಬೀಳುವ ತನಕ ಅದು ಬರೀ ಹಾಳೆ. ಅದರ ಮೇಲೆ ಯಾರೂ ಕೆಲಸ ನಿಲ್ಲಿಸುವಂತಿಲ್ಲ.

ಸೆಪ್ಟೆಂಬರ್ ಮೊದಲ ವಾರ ನಾಲ್ಕನೆಯ ಕೊಳವೆ ದಿನಕ್ಕೆ ಎರಡು ಮಿಲಿಮೀಟರು ಬಾಗಿತು. ಮರುದಿನ ನಾಲ್ಕು. ಅದರ ಮರುದಿನ ಒಂಬತ್ತು. ಹ್ಯಾಲಿಡೇ ಮೀನು ಹಿಡಿಯಲು ಹೋಗಿದ್ದ. ರಾಜಧಾನಿ ಮೋರ್ಸ್‌ಬಿಯ ದೊಡ್ಡ ಆಫೀಸಿಗೆ ಫೋನ್ ಮಾಡಿದೆ. ಇನ್ನೊಬ್ಬ ಬಿಳಿ ಇಂಜಿನಿಯರ್ ಎತ್ತಿಕೊಂಡ.

"ಯಾರ್ ತೆಗ್ದಿದ್ದು ಅಳತೆ?"

"ನಾನೇ ಸಾರ್."

"ಕ್ರೇಗ್ ನೋಡಿದ್ದಾನಾ?"

"ರಜೇಲಿದಾರೆ ಸಾರ್. ಒಂಬತ್ತು ಮಿಲಿಮೀಟರ್ ಸಾರ್, ಒಂದೇ ದಿನಕ್ಕೆ."

"ಕೇಬಲ್ ಸರಿಯಾಗ್ ಇಳ್ಸಿರಲ್ಲ ನೀನು. ಮಂಗಳವಾರ ಕ್ರೇಗ್ ಬರ್ತಾನೆ, ತಡಿ. ಟೆಕ್ನಿಷಿಯನ್ ಮಾತು ಕೇಳ್ಕೊಂಡು ರಸ್ತೆ ಕೆಲಸ ನಿಲ್ಸಕ್ಕಾಗತ್ತಾ?"

ಫೋನ್ ಇಟ್ಟ.

ನಾಲ್ಕನೆಯ ಕೊಳವೆಯ ಗುಡ್ಡದ ಬುಡದಲ್ಲಿ ಏಳು ಜನ ಚರಂಡಿ ತೋಡುತ್ತಿದ್ದರು. ಎಲ್ಲರೂ ನನ್ನ ಹೆಂಡತಿ ರೆಜೀನಾಳ ಕುಲದವರು. ನೆಲ ಅವರದು, ಆದ್ದರಿಂದ ಗುದ್ದಲಿ ಕೆಲಸವೂ ಅವರಿಗೇ. ಒಬ್ಬ ಅವಳ ತಮ್ಮ ಕೌಪ. ಮೂವತ್ತು ವರ್ಷ, ಇಬ್ಬರು ಮಕ್ಕಳು. ಕುಲಗಳ ಜಗಳದಲ್ಲಿ ನನ್ನೂರು ಸುಟ್ಟುಹೋದ ಮೇಲೆ ನಾನು ಹೆಂಡತಿಯ ಊರಿಗೆ ಬಂದು ಸೇರಿದವನು. ಮನೆ ಅಳಿಯ. ಮನೆ ಅಳಿಯ ನಮ್ಮಲ್ಲಿ ಊರವರಿಗೆ ಅಪ್ಪಣೆ ಕೊಡುವಂತಿಲ್ಲ. ಪಂಚಾಯಿತಿ ಸೇರಿದರೆ ಹಿಂದೆ ಕೂರಬೇಕು, ಕೇಳಿದರೆ ಮಾತ್ರ ಬಾಯಿ ಬಿಡಬೇಕು.

ಆದರೂ ಹೇಳಿದೆ. ಸೋಮವಾರ ಮನೆಯಂಗಳದಲ್ಲಿ, ರೆಜೀನಾಳ ಎದುರಿಗೇ.

"ಕೌಪ, ನಾಳೆ ಚರಂಡಿಗೆ ಇಳೀಬೇಡ. ಗುಡ್ಡ ಜಾರ್ತಿದೆ."

"ಯಾರ್ ಹೇಳಿದ್ದು? ಹ್ಯಾಲಿಡೇನಾ?"

"ನಾನ್ ಹೇಳ್ತಿದೀನಿ."

ಅವನು ಅಡಿಕೆ ಉಗಿದು ನಕ್ಕ. "ಬಾವ, ಹ್ಯಾಲಿಡೇ ಹೇಳಿದ್ರೆ ಚಡ್ಡಿ ಬಿಟ್ಟು ಓಡ್ತೀನಿ. ಅವ್ನ ಮಾತಿಗೆ ಹದಿನಾಲ್ಕು ಸಾವ್ರ ಕೊಡ್ತಾರೆ. ನಿನ್ ಮಾತಿಗೆ ಒಂಬೈನೂರು. ನೀನೇ ಹೇಳು, ಯಾವ್ದನ್ನ ನಂಬ್ಲಿ? ಕೆಲ್ಸ ತಪ್ಪಿಸಿದ್ರೆ ನನ್ ಕೂಲಿ ನೀನ್ ಕೊಡ್ತೀಯಾ?"

ನನಗೆ ಮೈ ಉರಿಯಿತು. ಹಾಳಾಗಿ ಹೋಗು ಎಂದು ಒಳಗೆ ಹೋದೆ. ಇದನ್ನು ಬಚ್ಚಿಡುವುದಿಲ್ಲ. ನನ್ನ ಸಂಬಳ ಆಡಿಕೊಂಡ ಎನ್ನುವ ಸಿಟ್ಟಿನಲ್ಲಿ ನಾನು ಸುಮ್ಮನಾದೆ.

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಗುಡ್ಡ ಬಂತು. ನಾನು ಪಕ್ಕದ ಗುಡ್ಡದ ಮೇಲೆ ಐದನೆಯ ಕೊಳವೆಗೆ ಕೇಬಲ್ ಇಳಿಸುತ್ತಿದ್ದೆ. ಮೊದಲು ಮರಗಳ ಬೇರು ಹರಿಯುವ ಸದ್ದು ಬಂತು. ಆಮೇಲೆ ಇಡೀ ಮೈ, ಮರ ಸಮೇತ, ಕಾಫಿ ಗಿಡ ಸಮೇತ, ನಿಂತ ಹಾಗೆಯೇ ಕೆಳಗೆ ಜಾರಿತು. ಚರಂಡಿಯಲ್ಲಿ ಏಳು ಹಳದಿ ಹೆಲ್ಮೆಟ್ ಕಾಣುತ್ತಿದ್ದವು. ಇಬ್ಬರು ರಸ್ತೆಗೆ ಹಾರಿದರು. ಐದು ಹೆಲ್ಮೆಟ್ ಕಾಣದಾದವು.

ನಾನು ಜಾರುತ್ತ, ಉರುಳುತ್ತ ಇಳಿದೆ. ಮಣ್ಣು ತೋಡುವ ಯಂತ್ರ ಅಲ್ಲೇ ಇತ್ತು. ಕಂಪನಿಯವರು ಅದನ್ನು ಹಿಂದಕ್ಕೆ ಓಡಿಸಿಕೊಂಡು ಹೋದರು. ಯಂತ್ರಕ್ಕೆ ಏನಾದರೂ ಆದರೆ ವಿಮೆ ಸಿಗುವುದಿಲ್ಲವಂತೆ. ನಾವು ಕೈಯಲ್ಲಿ ತೋಡಿದೆವು. ಗುದ್ದಲಿಯಲ್ಲಿ ತೋಡಿದೆವು. ಹೆಲ್ಮೆಟ್ಟಿನಲ್ಲಿ ಮಣ್ಣು ಎತ್ತಿ ಹಾಕಿದೆವು. ನನ್ನ ಮೂರು ಉಗುರು ಕಿತ್ತು ಬಂದವು. ಒಂದು ಗಂಟೆಯ ಮೇಲೆ ಕೌಪನ ಕೈ ಸಿಕ್ಕಿತು. ಬಿಸಿಯಾಗಿತ್ತು. ಎಳೆದೆವು. ತಲೆಯ ಒಂದು ಬದಿ ಒಳಕ್ಕೆ ಹೋಗಿತ್ತು. ಬಾಯಿ ತುಂಬ ಮಣ್ಣು. ಉಸಿರಾಡಲು ಹೋಗಿ ನುಂಗಿದ್ದ. ನಾನು ಬೆರಳು ಹಾಕಿ ಆ ಮಣ್ಣು ತೆಗೆಯುತ್ತ ಹೋದೆ. ತೆಗೆದಷ್ಟೂ ಇತ್ತು. ಯಾರೋ ನನ್ನ ಕೈ ಹಿಡಿದು ಸಾಕು ಬಿಡು ಎಂದರು.

ಸಾವಿನ ಮನೆಯಲ್ಲಿ ಹೆಂಗಸರು ಮುಖಕ್ಕೆ, ಎದೆಗೆ ಹಳದಿ ಕೆಸರು ಬಳಿದುಕೊಂಡು ಕೂತಿದ್ದರು. ಅತ್ತೆ ಕಲ್ಲಿನಿಂದ ಹಣೆ ಜಜ್ಜಿಕೊಂಡಿದ್ದಳು. ಕೆಸರಿನ ಮೇಲೆ ರಕ್ತ ಇಳಿಯುತ್ತಿತ್ತು. ರೆಜೀನಾ ಅಳಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು.

"ಅವ್ನು ನಕ್ಕ. ನೀನ್ಯಾಕೆ ಒಳಗ್ ಬಂದೆ?"

ಅವಳು ಇನ್ನೂ ಹತ್ತಿರ ಬಂದಳು.

"ಕೂದ್ಲು ಹಿಡಿದು ಎಳೀಬೇಕಿತ್ತು. ಕಾಲ್ ಮುರೀಬೇಕಿತ್ತು. ಮುರಿದ ಕಾಲಿಟ್ಕೊಂಡು ಇವತ್ತು ನಿನ್ನ ಬೈಕೊಂಡು ಕೂತಿರೋನು. ನಿನ್ ಬಾಯಿಗೂ ಬಿಳಿಯೋನ ಸಹಿ ಬೇಕಾಗಿತ್ತಾ?"

ಅವಳು ನನ್ನ ಎದೆಗೆ ಗುದ್ದಿದಳು. ಎರಡು ಕೈಯಿಂದ, ಬಲ ಸೋಲುವ ತನಕ. ನಾನು ಗುದ್ದಿಸಿಕೊಂಡೆ.

ಗುರುವಾರ ಯಾರೂ ಹೇಳದಿದ್ದರೂ ಕೇಬಲ್ ಹೊತ್ತು ಹೊರಟೆ. ಒಂದು ಗುಡ್ಡ ಜಾರಿದರೆ ಪಕ್ಕದ್ದು ಸಡಿಲವಾಗುತ್ತದೆ. ಏಳನೆಯ ಕೊಳವೆ ಪ್ರಾಥಮಿಕ ಶಾಲೆಯ ಹಿಂದಿನ ಗುಡ್ಡದಲ್ಲಿದೆ. ಹಿಂದಿನ ಅಳತೆಗಿಂತ ಹನ್ನೊಂದು ಮಿಲಿಮೀಟರು ಬಾಗಿತ್ತು. ಇಪ್ಪತ್ತು ಮೀಟರು ಆಳದಲ್ಲಿ ಉಪಕರಣ ಸಿಕ್ಕಿಹಾಕಿಕೊಂಡಿತು. ಕೆಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಈ ಸಲ ಕೇಬಲ್ ಬಿಸಾಕಿ, ಅಳತೆಯ ಪುಸ್ತಕ ಹಿಡಿದು ಓಡಿದೆ. ಎಲ್ಲಿಗೆ ಓಡಿದೆ? ಕೆಳಗೆ ಶಾಲೆ ಕಾಣುತ್ತಿದ್ದರೂ ಆಫೀಸಿಗೆ ಓಡಿದೆ. ಸಹಿಗೆ ಓಡಿದೆ. ನನ್ನನ್ನು ಹಾಗೆ ಪಳಗಿಸಿದ್ದರು.

ಹ್ಯಾಲಿಡೇ ಬಂದಿದ್ದ. ಪಕ್ಕದಲ್ಲಿ ನೌಕರರ ಕಾಗದಪತ್ರ ನೋಡುವ ಮೊರೆಯಾ ಕೂತಿದ್ದ. ಕರಾವಳಿಯವನು, ನಮ್ಮವನೇ, ಇಸ್ತ್ರಿ ಅಂಗಿ. ಹ್ಯಾಲಿಡೇ ಎದ್ದು ನನಗೆ ಕುರ್ಚಿ ಎಳೆದು ಕೊಟ್ಟ. ಆ ತಣ್ಣನೆಯ ಕೋಣೆಯಲ್ಲಿ ನಾನು ಹನ್ನೊಂದು ವರ್ಷದಲ್ಲಿ ಕೂತದ್ದು ಅದೇ ಮೊದಲು.

"ಸಾರ್, ಏಳನೇ ಕೊಳವೆ. ಹನ್ನೊಂದು. ಶಾಲೆ ಖಾಲಿ ಮಾಡಿಸ್ಬೇಕು, ಈಗ್ಲೇ."

"ನೋಡೋಣ ಗಿಗ್ಮೈ, ಕೂತ್ಕೊ. ಟೀ ಕುಡಿ. ನಿನ್ ಬಾಮೈದನ ವಿಷ್ಯ ಕೇಳಿ ತುಂಬಾ ಬೇಜಾರಾಯ್ತು." ಅವನ ಕಣ್ಣು ಕೆಂಪಾಗಿತ್ತು. ನಿದ್ದೆ ಮಾಡಿರಲಿಲ್ಲ. "ಮೊದ್ಲು ಇದನ್ನ ನೋಡು."

ಮೊರೆಯಾ ಒಂದು ಕಾಗದ ನನ್ನ ಕಡೆ ತಳ್ಳಿದ. "ಬಡ್ತಿ ಕಣಯ್ಯ. ಇಂಜಿನಿಯರ್. ಹದಿನೈದ್ ದಿನಕ್ಕೆ ನಾಲ್ಕು ಸಾವ್ರ. ಕಂಪನಿ ಮನೆ. ಇಷ್ಟ್ ದಿನ ಅಂಗಲಾಚ್ತಿದ್ದೆಯಲ್ಲ, ತಗೋ. ಇಲ್ಲೊಂದು ಸಹಿ."

ಸುಳ್ಳು ಹೇಳುವುದಿಲ್ಲ. ನಾನು ಪೆನ್ನು ಹಿಡಿದೆ. ನನ್ನ ಹೆಸರಿನ ಮುಂದೆ ಆ ಪದ ಅಚ್ಚಾಗಿತ್ತು. ಮಾರಿದ ಒಂಬತ್ತು ಹಂದಿ ನೆನಪಾದವು. ಸತ್ತ ಅಪ್ಪ ನೆನಪಾದ. ಹೆಸರಿನ ಮೊದಲ ಅಕ್ಷರ ಬರೆದೆ ಕೂಡ. ಆಗ ತಾರೀಖು ಕಾಣಿಸಿತು. ಜೂನ್ ಒಂದು. ಇವತ್ತಲ್ಲ. ಮೂರು ತಿಂಗಳ ಹಿಂದೆ.

"ಜೂನ್ ಯಾಕೆ?"

"ಹಿಂಬಾಕಿ ಸಮೇತ ಬರತ್ತಲ್ಲ, ಒಳ್ಳೇದೇ ಅಲ್ವಾ?" ಮೊರೆಯಾ ಮೇಜು ನೋಡುತ್ತ ಹೇಳಿದ.

"ನಾಳೆ ಮೋರ್ಸ್‌ಬಿಯಿಂದ ತನಿಖೆಯೋರು ಬರ್ತಾರೆ ಅಲ್ವಾ ಸಾರ್?"

ಹ್ಯಾಲಿಡೇ ಮೊರೆಯಾನ ಕಡೆ ನೋಡಿದ. ಆ ಕಾಗದದ ಪ್ರಕಾರ ಜೂನ್ ಒಂದರಿಂದ ಈ ಗುಡ್ಡಗಳ ಇಂಜಿನಿಯರ್ ನಾನು. ಅಳತೆ ತೆಗೆದವನೂ ನಾನೇ, ಕೆಲಸ ನಿಲ್ಲಿಸದವನೂ ನಾನೇ. ಐದು ಹೆಣ ನನ್ನ ಕೊರಳಿಗೆ. ಹೊರಗೆ ರೆಜೀನಾಳ ಕುಲದವರು ಕೊಡಲಿ ಮಸೆಯುತ್ತಿದ್ದಾರೆ. ಅವರಿಗೂ ಒಂದು ಹೆಸರು ಬೇಕು.

"ನಾನ್ ಹಾಕಲ್ಲ. ಶಾಲೆ ಖಾಲಿ ಮಾಡ್ಸಿ."

ಹ್ಯಾಲಿಡೇ ಮುಂದಕ್ಕೆ ಬಾಗಿದ. ಮೃದುವಾಗಿಯೇ ಹೇಳಿದ. "ಟೆಕ್ನಿಷಿಯನ್ ಅಳತೆ ಮೇಲೆ ನಾನ್ ಖಾಲಿ ಮಾಡ್ಸಕ್ಕಾಗಲ್ಲ, ಗೊತ್ತಲ್ಲ ನಿಂಗೆ. ನೀನು ಸಹಿ ಹಾಕು. ಹಾಕಿದ್ ತಕ್ಷಣ ನೀನೇ ಇಂಜಿನಿಯರ್. ನೀನೇ ಆರ್ಡರ್ ಕೊಡು, ಯಾರ್ ಬೇಡ ಅಂತಾರೆ? ಮಕ್ಕಳ್ ಜೀವ ನಿನ್ ಕೈಲಿದೆ."

ಮಂಗಳವಾರ ಕೌಪನ ಬಾಯಿಂದ ತೆಗೆದ ಮಣ್ಣು ಇನ್ನೂ ನನ್ನ ಉಗುರುಗಳ ಸಂದಿಯಲ್ಲಿತ್ತು. ಅದೇ ಕೈಯಿಂದ ಹ್ಯಾಲಿಡೇಯ ಕುತ್ತಿಗೆ ಹಿಡಿದೆ. ಅವನ ಮುಖವನ್ನು ನನ್ನ ಅಳತೆಯ ಪುಸ್ತಕಕ್ಕೆ ಒತ್ತಿದೆ. ಮೇಜು ಅಲುಗಾಡಿತು. ಟೀ ಚೆಲ್ಲಿತು.

"ಓದೋ! ಹನ್ನೊಂದು. ಓದಕ್ಕೆ ಬರಲ್ವಾ ನಿಂಗೆ? ಹದಿನಾಲ್ಕ್ ಸಾವ್ರ ತಗೋತೀಯಲ್ಲೋ, ಓದು!"

ಅವನ ಮೂಗಿನಿಂದ ರಕ್ತ ಬಂದು ಪುಸ್ತಕದ ಮೇಲೆ ಬಿತ್ತು. ಮೊರೆಯಾ ನನ್ನ ಸೊಂಟ ಹಿಡಿದು ಎಳೆದ. ಮೊಣಕೈಯಿಂದ ಅವನ ಬಾಯಿಗೆ ಕೊಟ್ಟೆ. ಅವನು ಗೋಡೆಗೆ ಬಡಿದು ಕೂತ. "ನಂಗೂ ಮಕ್ಳಿದ್ದಾರಯ್ಯ," ಎಂದ. ಶಾಲೆಯಲ್ಲಿಯೂ ಮಕ್ಕಳಿದ್ದರು. ನಾನು ಕಾಗದವನ್ನು ಮುದ್ದೆ ಮಾಡಿ ಹಿಡಿದು ಹೊರಗೆ ಓಡಿದೆ.

ಗೇಟಿನ ಹತ್ತಿರ ಐದು ಹೆಣ ಇಟ್ಟಿದ್ದರು. ಕೊಂದವನ ಬಾಗಿಲಿಗೆ ಹೆಣ ತರುವುದು ನಮ್ಮ ಪದ್ಧತಿ. ಹಲಗೆಗಳ ಮೇಲೆ ಸಾಲಾಗಿ, ಬಾಳೆ ಎಲೆ ಹೊದಿಸಿ ಮಲಗಿಸಿದ್ದರು. ಮೂರು ದಿನದ ವಾಸನೆ. ಹಿಂದೆ ನಾನೂರು ಜನ, ಕೆಸರು ಬಳಿದ ಮೈ, ಕೊಡಲಿ, ಉದ್ದ ಕತ್ತಿ. ಒಳಗೆ ಎಂಟು ಪೊಲೀಸರು ಬಂದೂಕು ಹಿಡಿದು ನಿಂತಿದ್ದರು. ಮುಂದೆ ನನ್ನ ಮಾವ ಸಿಯುನೆ, ಕೌಪನ ತಂದೆ. ಎಪ್ಪತ್ತು ದಾಟಿದ ಮುದುಕ. ಭುಜದ ಮೇಲೆ ಕೊಡಲಿ.

ನಾನು ಗೇಟು ಹತ್ತಿದೆ. ಎಷ್ಟು ಕಿರುಚಬಹುದೋ ಅಷ್ಟು ಕಿರುಚಿದೆ.

"ಶಾಲೆ ಗುಡ್ಡ ಬರ್ತಿದೆ! ಮಕ್ಕಳನ್ನ ಹೊರಗೆ ತನ್ನಿ! ಓಡಿ!"

ಯಾರೂ ಕದಲಲಿಲ್ಲ. ಯಾರೋ ಹಿಂದಿನಿಂದ ಕೂಗಿದರು. "ಕಂಪನಿ ನಾಯಿ! ಹೆಣ ಬಿಟ್ಟು ಚದುರ್ಲಿ ಅಂತ ಕಳ್ಸಿದಾರೆ ಇವ್ನನ್ನ!" ಒಂದು ಕಲ್ಲು ಬಂದು ಪಕ್ಕೆಗೆ ಬಿತ್ತು. ಇನ್ನೊಂದು ಹುಬ್ಬು ಒಡೆಯಿತು.

ಹಿಂದಿನಿಂದ ಹ್ಯಾಲಿಡೇ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ನಮ್ಮ ಸಂತೆಯ ಭಾಷೆಯಲ್ಲಿ ಕೂಗಿದ. "ಅವ್ನೇ! ಜೂನಿಂದ ಅವ್ನೇ ಇಂಜಿನಿಯರ್! ಗುಡ್ಡ ನೋಡ್ಕೊಳ್ಳೋದು ಅವ್ನ್ ಕೆಲ್ಸ! ಅವ್ನನ್ ಕೇಳಿ!"

ಜನ ನನ್ನನ್ನು ಗೇಟಿನಿಂದ ಎಳೆದು ಹಾಕಿದರು. ಕಾಲು, ಕೋಲು, ಕತ್ತಿಯ ಹಿಡಿ. ನೆಲದ ಮೇಲೆ ಬಿದ್ದುಕೊಂಡೇ ಆ ಕಾಗದ ಬಿಡಿಸಿ ಎತ್ತಿ ಹಿಡಿದೆ. ಬಾಯಲ್ಲಿ ರಕ್ತ ತುಂಬಿತ್ತು.

"ನೋಡಿ! ಇವತ್ತು ಬರೆದಿದ್ದು! ಜೂನ್ ಅಂತ ಹಾಕಿದಾರೆ! ನನ್ ಸಹಿ ಇಲ್ಲ! ನಾನ್ ಹಾಕಿಲ್ಲ!"

ಸಿಯುನೆ ಕೈ ಎತ್ತಿದ. ಹೊಡೆತ ನಿಂತಿತು. ಅವನಿಗೆ ಓದಲು ಬರುವುದಿಲ್ಲ. ಕಾಗದದ ಕಡೆ ನೋಡಲೂ ಇಲ್ಲ. ನನ್ನ ಮುಂದೆ ಬಂದು ನಿಂತ.

"ಕಾಗ್ದ ಆಮೇಲೆ. ಒಂದ್ ಮಾತು ಹೇಳು. ನನ್ ಮಗನ್ನ ಕೊಂದ ಗುಡ್ಡ ಬೀಳತ್ತೆ ಅಂತ ನಿಂಗ್ ಗೊತ್ತಿತ್ತಾ?"

ಹೇಳಿದ್ದೆ ಮಾವ, ಅವನೇ ನಕ್ಕ ಎಂದು ಹೇಳಬಹುದಿತ್ತು. ಸತ್ತವನು ಎಲೆಯ ಕೆಳಗೆ ಮಲಗಿದ್ದ. ಅವನ ಮೇಲೆ ಇನ್ನೊಂದು ಹಿಡಿ ಮಣ್ಣು ಹಾಕಲು ನನ್ನಿಂದಾಗಲಿಲ್ಲ.

"ಗೊತ್ತಿತ್ತು."

"ಯಾಕೆ ಎಳ್ಕೊಂಡ್ ಬರ್ಲಿಲ್ಲ?"

"ಹ್ಯಾಲಿಡೇ ಹೇಳ್ಲಿ ಅಂತ ಕಾದೆ ಮಾವ. ನನ್ ಮಾತಿಗೆ ಬೆಲೆ ಇಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ."

ಅವನು ಕೊಡಲಿ ತಿರುಗಿಸಿದ. ಹಿಂಬದಿಯಿಂದ ನನ್ನ ಬಲ ಹೆಗಲಿಗೆ ಹೊಡೆದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕಣ್ಣು ಕತ್ತಲಾಯಿತು. ಕೈ ಎತ್ತಿ ತಡೆಯಲಿಲ್ಲ. ರೆಜೀನಾ ಅಲ್ಲೇ ನಿಂತಿದ್ದಳು, ಅವಳೂ ತಡೆಯಲಿಲ್ಲ.

ಮುದುಕ ಬಗ್ಗಿ ನನ್ನ ಮುಖದ ಹತ್ತಿರ ಬಂದ. ಏದುಸಿರು ಬಿಡುತ್ತಿದ್ದ. "ಮಗನ ಲೆಕ್ಕ ಇದು. ಈಗ್ ಹೇಳು. ಶಾಲೆ ಗುಡ್ಡ. ನಿಜಾನಾ?"

"ನಿಜ ಮಾವ."

ಅವನು ಜನರ ಕಡೆ ತಿರುಗಿ, ಶಾಲೆಗೆ ಓಡಿ ಎಂದು ಕೂಗಿದ. ಆ ವಯಸ್ಸಿನಲ್ಲಿ ಅಂಥ ದನಿ ಎಲ್ಲಿತ್ತೋ. ಹೆಣಗಳ ಹತ್ತಿರ ಹೆಂಗಸರನ್ನು ಬಿಟ್ಟು ಉಳಿದವರೆಲ್ಲ ಓಡಿದರು. ಕೆಲವರು ಗೇಟು ಮುರಿದು ಒಳಗೆ ನುಗ್ಗಿ ಕಂಪನಿಯ ಲಾರಿಗಳನ್ನು ಓಡಿಸಿಕೊಂಡೇ ಹೋದರು. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು. ಒಬ್ಬನ ಬಂದೂಕು ಕಿತ್ತು ಕಲ್ಲಿಗೆ ಬಡಿದರು. ಆಫೀಸಿಗೆ ಬೆಂಕಿ ಬಿತ್ತು. ಹ್ಯಾಲಿಡೇ ಕಾರು ಹತ್ತುವಾಗ ಕಲ್ಲು ತಗುಲಿ ಬಿದ್ದ, ಎದ್ದ, ಮತ್ತೆ ಬಿದ್ದ. ನಾನು ನೋಡಿದೆ. ಬಿಡಿಸಲು ಹೋಗಲಿಲ್ಲ.

ನೇತಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಾನೂ ಶಾಲೆಗೆ ಓಡಿದೆ. ಗುಡ್ಡದ ಮೇಲೆ ಮರಗಳು ಓರೆಯಾಗಿ ನಿಂತಿದ್ದವು. ಮೈದಾನದಲ್ಲಿ ಕಲ್ಲುಗಳು ಒಂದೊಂದಾಗಿ ಉರುಳಿ ಬರುತ್ತಿದ್ದವು. ಹೆಡ್ ಮಾಸ್ಟರು ಬಾಗಿಲಿಗೆ ಅಡ್ಡ ನಿಂತಿದ್ದರು. ಕೊಡಲಿ ಹಿಡಿದ ಜನರನ್ನು ಕಂಡು ಎರಡೂ ಕೈಯಿಂದ ಚೌಕಟ್ಟು ಹಿಡಿದುಕೊಂಡರು.

"ಇಲಾಖೆ ಆದೇಶ ಇಲ್ದೆ ಮಕ್ಕಳನ್ನ ಬಿಡಕ್ಕಾಗಲ್ಲ. ಕಂಪನಿಯಿಂದ ಕಾಗ್ದ ಬಂದಿದ್ಯಾ? ಯಾರ್ ಹೇಳಿದ್ದು ಗುಡ್ಡ ಬೀಳತ್ತೆ ಅಂತ?"

ಸಿಯುನೆ ಅವರನ್ನು ಎದೆಯಿಂದ ತಳ್ಳಿ ಒಳಗೆ ಹೋದ. ಮೊದಲ ಬೆಂಚಿನಿಂದ ಇಬ್ಬರು ಮಕ್ಕಳನ್ನು ಎರಡು ಕಂಕುಳಲ್ಲಿ ಎತ್ತಿಕೊಂಡ.

"ನನ್ ಅಳಿಯ ಹೇಳಿದಾನೆ," ಎಂದ. "ಎದ್ದೇಳ್ರೋ ಎಲ್ಲಾ."

ಮಕ್ಕಳು ಎದ್ದರು.